ಮುಲುಂಡ್‌ನ ಒಂದು ಕೋಣೆಯ ಕ್ಲಿನಿಕ್: ಇಲ್ಲಿ ನಾಯಿಯ ರಕ್ತ ನೋಡಿದ ಮೇಲೆಯೇ ಮದ್ದು

"ನಾಯಿಗೆ ಟಿಕ್ ಫೀವರ್ ಅಂತೆ, ಎಲ್ಲಿ ತೋರಿಸಬೇಕು?" ಮಳೆ ಶುರುವಾದರೆ ಸಾಕು, ಈ ಪ್ರಶ್ನೆ ಹೊತ್ತು ಫೋನುಗಳು ಬರುತ್ತವೆ. ಟಿಕ್ ಎಂದರೆ ರಕ್ತ ಹೀರುವ ಉಣ್ಣೆ, ಅದರಿಂದ ನಾಯಿಗೆ ಹರಡುವ ಜ್ವರಗಳಿಗೆಲ್ಲ ಜನ ಇಡುವ ಹೆಸರು ಇದು. ನಮ್ಮ ಕನ್ನಡ ಸಂಘದವರು, ಸೊಸೈಟಿಯವರು, ಬೀದಿನಾಯಿಗೆ ಅನ್ನ ಹಾಕುವ ಹುಡುಗಿಯರು, ಎಲ್ಲರದೂ ಇದೇ ಪ್ರಶ್ನೆ. ಒಬ್ಬೊಬ್ಬರಿಗೂ ಅವಸರದಲ್ಲಿ ಅರ್ಧಂಬರ್ಧ ಹೇಳುವುದಕ್ಕಿಂತ ಒಮ್ಮೆ ಪೂರ್ತಿಯಾಗಿ ಬರೆದುಬಿಡುತ್ತೇನೆ.

ನಾನು ಹೋಗುವುದು ಮುಂಬಯಿಯ ಮುಲುಂಡ್ ಪಶ್ಚಿಮದಲ್ಲಿ, ಎಲ್.ಬಿ.ಎಸ್. ರಸ್ತೆಯಿಂದ ಬೆಟ್ಟದ ಕಡೆಗೆ ತಿರುಗುವ ಗಲ್ಲಿಯೊಂದರ ಪುಟ್ಟ ಕ್ಲಿನಿಕ್ಕಿಗೆ. ಹೆಸರು ಹಾಕಬೇಡಿ ಎಂದು ಡಾಕ್ಟರೇ ಕೇಳಿಕೊಂಡಿದ್ದಾರೆ. ಅವರೊಬ್ಬರು, ಸಹಾಯಕ ಹುಡುಗನೊಬ್ಬ, ಒಂದು ಕೋಣೆ, ಇಷ್ಟೇ ಅಲ್ಲಿರುವುದು. ಈಗಿರುವ ಸರದಿಯೇ ಅವರಿಗೆ ಹೆಚ್ಚು. ನಿಜವಾಗಿ ಬೇಕಾದವರು ನನ್ನನ್ನು ಕೇಳಿದರೆ ದಾರಿ ಹೇಳುತ್ತೇನೆ.

ಆ ಕ್ಲಿನಿಕ್ಕನ್ನು ಹೊಗಳುವುದಕ್ಕೆ ನನ್ನ ಬಳಿ ಒಂದೇ ಕಾರಣ ಇದೆ, ಆದರೆ ಅದು ದೊಡ್ಡ ಕಾರಣ. ಅಲ್ಲಿ ಜ್ವರದ ನಾಯಿಗೆ ರಕ್ತ ನೋಡದೆ ಇಂಜೆಕ್ಷನ್ ಕೊಡುವುದಿಲ್ಲ. ರಕ್ತ ನೋಡುವುದು ಎಂದರೆ ಯಾವುದೋ ಲ್ಯಾಬಿಗೆ ಕಳಿಸಿ ನಾಳೆ ಬನ್ನಿ ಎನ್ನುವುದಲ್ಲ. ಡಾಕ್ಟರು ತಾವೇ ಸ್ಲೈಡ್ ಮಾಡಿ, ಬಣ್ಣ ಹಾಕಿ, ಸೂಕ್ಷ್ಮದರ್ಶಕಕ್ಕೆ ಕಣ್ಣು ಹಚ್ಚಿ ಕೂರುತ್ತಾರೆ.

ಸ್ಲೈಡಿನ ಬಗ್ಗೆ ಮಾತಾಡುವ ಹಕ್ಕು ನನಗಿದೆ. ಅಂಕೋಲೆಯಿಂದ ಮದುವೆಯಾಗಿ ಈ ಊರಿಗೆ ಬಂದ ಮೇಲೆ ನಿವೃತ್ತಿಯವರೆಗೂ ಘಾಟ್‌ಕೋಪರದ ಒಂದು ಪೆಥಾಲಜಿ ಲ್ಯಾಬಿನಲ್ಲಿ ದುಡಿದವಳು ನಾನು. ಮುಂಬಯಿಯ ಮಳೆಗಾಲ ಎಂದರೆ ನಮಗೆ ಮಲೇರಿಯಾ ಸ್ಲೈಡುಗಳ ಕಾಲ, ಟ್ರೇಗಟ್ಟಲೆ ಬರುತ್ತಿದ್ದವು. ಕೆಂಪು ರಕ್ತಕಣದೊಳಗಿನ ಉಂಗುರವನ್ನು ಹುಡುಕುವುದರಲ್ಲೇ ನನ್ನ ಕಣ್ಣು ಸವೆದಿದೆ. ಹಾಗಾಗಿ ಯಾರಾದರೂ ಸ್ಲೈಡ್ ಎಳೆಯುವುದನ್ನು ನೋಡಿದರೆ ಸಾಕು, ಕೈ ಪಳಗಿದೆಯೋ ಇಲ್ಲವೋ ಗೊತ್ತಾಗಿಬಿಡುತ್ತದೆ.

ಇವರ ಕೈ ಪಳಗಿದ ಕೈ. ಮೊದಲು ಮುಂಗಾಲಿನ ರಕ್ತನಾಳದಿಂದ ನೇರಳೆ ಮುಚ್ಚಳದ ಟ್ಯೂಬಿಗೆ ಸ್ವಲ್ಪ ರಕ್ತ ತೆಗೆಯುತ್ತಾರೆ. ಅದು ಕಣಗಳ ಎಣಿಕೆಗೆ. ಅಷ್ಟಕ್ಕೇ ಬಿಡದೆ ಕಿವಿಯ ಅಂಚಿನ ಕೂದಲು ಕತ್ತರಿಸಿ, ಸ್ಪಿರಿಟ್ ಒರೆಸಿ, ಒಣಗಲು ಬಿಟ್ಟು, ಸಣ್ಣ ಸೂಜಿಯಿಂದ ಚುಚ್ಚುತ್ತಾರೆ. ಸಹಾಯಕ ಹುಡುಗ ವಿಜಯಪುರ ಜಿಲ್ಲೆಯ ಇಂಡಿ ಕಡೆಯವನು, ನಮ್ಮ ಮಾತು ಬರುತ್ತದೆ: "ಅಕ್ಕಾರ, ತಲಿ ಗಟ್ಟಿ ಹಿಡೀರಿ, ಕಿವಿ ಅಷ್ಟ ನನಗ ಬಿಡ್ರಿ." ಮೊದಲ ಹನಿಯನ್ನು ಹತ್ತಿಯಲ್ಲಿ ಒರೆಸಿ ಎರಡನೆಯ ಹನಿಯನ್ನು ಗಾಜಿಗೆ ಮುಟ್ಟಿಸುತ್ತಾರೆ. ಇನ್ನೊಂದು ಗಾಜಿನ ಅಂಚನ್ನು ಓರೆಯಾಗಿ ಹನಿಗೆ ತಾಗಿಸಿ, ಹನಿ ಅಂಚಿನುದ್ದಕ್ಕೂ ಹರಡುವ ತನಕ ಕಾದು, ತಡೆಯದೆ ಒಂದೇ ಎಳೆತಕ್ಕೆ ಮುಂದಕ್ಕೆ ಎಳೆಯುತ್ತಾರೆ. ಕೊನೆಯಲ್ಲಿ ರಕ್ತ ತೆಳುವಾಗಿ, ಕಣ ಕಣ ಬಿಡಿಬಿಡಿಯಾಗಿ ನಿಲ್ಲಬೇಕು. ಅಲ್ಲಿ ಗೀರು ಬಿದ್ದರೆ, ದಪ್ಪವಾದರೆ ಆ ಸ್ಲೈಡಿನಿಂದ ಉಪಯೋಗವಿಲ್ಲ. ಎಳೆದದ್ದು ಸರಿಬಾರದಿದ್ದರೆ ಎಸೆದು ಇನ್ನೊಂದು ಎಳೆಯುತ್ತಾರೆ. ಗ್ರಾಹಕರು ನೋಡುತ್ತಿದ್ದಾರೆ, ಹೇಗೋ ನಡೆಯುತ್ತದೆ ಎಂದು ಬಿಡುವವರಲ್ಲ.

ಕಾಲಿನ ರಕ್ತ ಇರುವಾಗ ಕಿವಿಯ ರಕ್ತ ಏಕೆ ಎಂದು ನಾಯಿ ಹಿಡಿದುಕೊಂಡ ಹಲವರು ಕೇಳುತ್ತಾರೆ. ಉಣ್ಣೆ ಹರಡುವ ಬೆಬೀಸಿಯಾ ಎಂಬ ಪರೋಪಜೀವಿ ಹೊಕ್ಕ ಕೆಂಪು ಕಣಗಳು ತೀರ ಸಣ್ಣ ರಕ್ತನಾಳಗಳಲ್ಲಿ ಸಿಕ್ಕಿಕೊಂಡು ಕೂರುತ್ತವೆ. ಆದ್ದರಿಂದ ಕಿವಿಯ ತುದಿಯ, ಉಗುರಿನ ಬುಡದ ರಕ್ತದಲ್ಲಿ ಅವು ಕಣ್ಣಿಗೆ ಬೀಳುವ ಸಂಭವ ಹೆಚ್ಚು.

ಸ್ಲೈಡ್ ಒಣಗುವಷ್ಟರಲ್ಲಿ ಟ್ಯೂಬಿನ ಒಂದು ಹನಿಯನ್ನು ಹಾಗೇ ಹಸಿಯಾಗಿ ಕವರ್ ಸ್ಲಿಪ್ಪಿನ ಕೆಳಗಿಟ್ಟು ನೋಡುತ್ತಾರೆ. ಈ ಹಸಿ ಹನಿಯನ್ನು ಬಹಳ ಕಡೆ ಬಿಟ್ಟೇಬಿಡುತ್ತಾರೆ. ಬಣ್ಣ ಹಾಕದ ರಕ್ತದಲ್ಲಿ ಟ್ರಿಪನೊಸೋಮಾ ಎಂಬ ಪರೋಪಜೀವಿ ಇದ್ದರೆ ಕೆಂಪು ಕಣಗಳನ್ನು ತಳ್ಳಿಕೊಂಡು ವಿಲವಿಲ ಒದ್ದಾಡುವುದು ಕಾಣುತ್ತದೆ. ಸೊಳ್ಳೆಯಿಂದ ಹರಡುವ ಹೃದಯದ ಹುಳುವಿನ ಮರಿಗಳಿದ್ದರೂ ಹರಿದಾಡುವುದು ಕಾಣುತ್ತದೆ. ಟ್ರಿಪನೊಸೋಮಾ ಹರಡುವುದು ಉಣ್ಣೆಯಿಂದಲ್ಲ, ದನಗಳಿಗೆ ಕಚ್ಚುವ ದೊಡ್ಡ ನೊಣಗಳಿಂದ. ತಬೇಲಾ, ಅಂದರೆ ದನ ಎಮ್ಮೆಗಳ ಕೊಟ್ಟಿಗೆ, ಇರುವ ಕಡೆಯ ನಾಯಿಗಳಿಗೆ ಜ್ವರ ಬಂದು, ಮುಖ ಊದಿ, ಕಣ್ಣಿನ ಮೇಲೆ ನೀಲಿ ಮಬ್ಬು ಕವಿದರೆ ಇವರು ಮೊದಲು ನೋಡುವುದು ಇದನ್ನೇ. ಕುದುರೆ ಒಂಟೆಗಳ ರಕ್ತದಲ್ಲಿ ಗ್ರಿಫಿತ್ ಇವಾನ್ಸ್ ಎಂಬ ಪಶುವೈದ್ಯರು 1880ರಲ್ಲಿ ಮೊದಲು ಕಂಡದ್ದು ಈ ಜೀವಿಯನ್ನೇ. ಮನುಷ್ಯರಿಗೆ ಸಾಮಾನ್ಯವಾಗಿ ಬರುವುದಿಲ್ಲ. ಆದರೆ ಇದೇ ಮಹಾರಾಷ್ಟ್ರದ ಚಂದ್ರಪುರ ಜಿಲ್ಲೆಯ ಒಬ್ಬ ರೈತರ ರಕ್ತದಲ್ಲಿ 2004ರಲ್ಲಿ ಅದು ಸಿಕ್ಕಿತ್ತು. ಅವರ ರಕ್ತದಲ್ಲಿ ಎಲ್ಲರಿಗೂ ಇರುವ ಒಂದು ರಕ್ಷಕ ಪ್ರೋಟೀನ್ ಇರಲಿಲ್ಲವೆಂದು ಆಮೇಲೆ ಗೊತ್ತಾಯಿತು.

ಈಗ ತಾಂಬಡಿಯ ವಿಷಯ. ನಮ್ಮ ಸೊಸೈಟಿಯ ಗೇಟಿನಲ್ಲಿ ಇರುವ ಕೆಂಚು ಬಣ್ಣದ ಹೆಣ್ಣುನಾಯಿ ಅದು, ಹೆಸರಿಟ್ಟದ್ದು ವಾಚ್‌ಮನ್. ಮಹಾನಗರಪಾಲಿಕೆಯ 2014ರ ಗಣತಿಯಲ್ಲಿ ಮುಂಬಯಿಯ ಬೀದಿನಾಯಿಗಳು ಸುಮಾರು 95 ಸಾವಿರ. ಆ ಲೆಕ್ಕದಲ್ಲಿ ತಾಂಬಡಿ ಯಾವ ಮೂಲೆಗೆ? ಆದರೆ ನಮ್ಮ ಗೇಟಿಗೆ ಅವಳೇ ಬೇಕು. ಪಕ್ಕದ ಗಲ್ಲಿಯ ನಾಯಿಗಳ ಜೊತೆ ಒಂದು ರಾತ್ರಿ ಕಚ್ಚಾಡಿ ಕುತ್ತಿಗೆಗೆ ಗಾಯ ಮಾಡಿಕೊಂಡಳು. ಗಾಯ ಮಾಗಿತು. ಕೆಲವು ವಾರ ಕಳೆದ ಮೇಲೆ ಊಟ ಬಿಟ್ಟಳು, ಗೇಟಿನ ಬಳಿ ಸ್ಕೂಟರ್ ಬಂದರೂ ತಲೆ ಎತ್ತಲಿಲ್ಲ. ವಾಚ್‌ಮನ್ ಮತ್ತು ಮೂರನೆಯ ಮಹಡಿಯ ಹುಡುಗಿ ಸೇರಿ ಆಟೋದಲ್ಲಿ ಹತ್ತಿರದ ಬೇರೊಂದು ಕ್ಲಿನಿಕ್ಕಿಗೆ ಒಯ್ದರು. ಅಲ್ಲಿ ಮೈಮೇಲಿನ ಉಣ್ಣೆ ನೋಡಿದ್ದೇ ಟಿಕ್ ಫೀವರ್ ಎಂದು ಒಂದು ಇಂಜೆಕ್ಷನ್ ಕೊಟ್ಟು ಕಳಿಸಿದರು. ರಕ್ತ ತೆಗೆಯಲಿಲ್ಲ. ಚೀಟಿಯಲ್ಲಿದ್ದದ್ದು ಡಿಮಿನಾಜಿನ್. ಜ್ವರ ಒಂದು ದಿನ ಇಳಿದಂತಾಗಿ ಮತ್ತೆ ಏರಿತು. ನಾನು ಊರಿನಿಂದ ಬಂದು ನೋಡಿದಾಗ ವಸಡು ಸುಣ್ಣದ ಬಿಳಿ, ಉಚ್ಚೆ ಕಡು ಚಹಾದ ಬಣ್ಣ.

ಬೆಡ್‌ಶೀಟಿನಲ್ಲಿ ಹೊತ್ತುಕೊಂಡು ಇವರ ಕ್ಲಿನಿಕ್ಕಿಗೆ ಹೋದೆವು. ಡಾಕ್ಟರು ಕಣ್ಣಿನ ರೆಪ್ಪೆಯ ಒಳಮಗ್ಗುಲು ನೋಡಿ, ಹೊಟ್ಟೆ ಒತ್ತಿ ಗುಲ್ಮ ದೊಡ್ಡದಾಗಿದೆ ಎಂದು ಹೇಳಿ, ಸ್ಲೈಡಿಗೆ ಕೂತರು. ತುಸು ಹೊತ್ತಿನ ಮೇಲೆ ಕುರ್ಚಿ ಬಿಟ್ಟೆದ್ದು, "ಕಾಕೂ, ನೀವೇ ನೋಡಿ" ಎಂದರು. ಎಣ್ಣೆ ಹಾಕಿದ ನೂರರ ಲೆನ್ಸಿನಲ್ಲಿ ಕಂಡದ್ದನ್ನು ಮರೆಯಲಾರೆ. ಕೆಂಪು ಕಣದೊಳಗೆ ತೆಳ್ಳನೆಯ ನೀಲಿ ಉಂಗುರ, ಅದರ ಅಂಚಿನಲ್ಲಿ ಒಂದು ನೇರಳೆ ಚುಕ್ಕೆ. ನಮ್ಮ ಲ್ಯಾಬಿನಲ್ಲಾಗಿದ್ದರೆ ಫಾಲ್ಸಿಪಾರಂ ಮಲೇರಿಯಾ ಎಂದು ಬರೆದೇಬಿಡುತ್ತಿದ್ದೆ, ಅಷ್ಟು ಹೋಲಿಕೆ. ವ್ಯತ್ಯಾಸ ಒಂದಿದೆ. ಮಲೇರಿಯಾ ಬೆಳೆಯುತ್ತಾ ಹೋದಂತೆ ಕಂದು ಬಣ್ಣದ ಕಣಗಳನ್ನು ಬಿಟ್ಟುಹೋಗುತ್ತದೆ, ಬೆಬೀಸಿಯಾದಲ್ಲಿ ಆ ಬಣ್ಣವೇ ಇರುವುದಿಲ್ಲ. ಬೆಬೀಸಿಯಾ ಗಿಬ್ಸೋನಿ ಇದು, ಚಿಕ್ಕ ಜಾತಿ. ಇನ್ನೊಂದು ಬೆಬೀಸಿಯಾ ವೊಗೆಲಿ, ಅದು ದೊಡ್ಡದು. ಒಂದೇ ಕಣದಲ್ಲಿ ಎರಡು ಹನಿಗಳು ಚೂಪು ತುದಿಗಳನ್ನು ಕೂಡಿಸಿ ನಿಂತಂತೆ ಕಾಣುತ್ತದೆ.

ಈ ಎರಡರ ನಡುವಿನ ವ್ಯತ್ಯಾಸ ಪುಸ್ತಕದ ವಿಷಯವಲ್ಲ. ಡಿಮಿನಾಜಿನ್, ಇಮಿಡೋಕಾರ್ಬ್ ಇಂಜೆಕ್ಷನ್‌ಗಳು ದೊಡ್ಡ ಜಾತಿಗೆ ನಾಟುತ್ತವೆ. ಗಿಬ್ಸೋನಿಗೆ ಅವು ಸರಿಯಾಗಿ ನಾಟುವುದಿಲ್ಲ. ಅದಕ್ಕೆ ಬೇಕಾದದ್ದು ಅಟೊವಾಕ್ವೋನ್ ಮತ್ತು ಅಜಿತ್ರೋಮೈಸಿನ್ ಜೋಡಿ, 10 ದಿನ. ರಕ್ತ ನೋಡದೆ ಕೊಟ್ಟ ಆ ಒಂದು ಇಂಜೆಕ್ಷನ್ನಿಂದ ತಾಂಬಡಿ ಕಳೆದುಕೊಂಡದ್ದು ದುಡ್ಡನ್ನಲ್ಲ, ಕೆಂಪು ಕಣ ಒಡೆಯುತ್ತಾ ಹೋದ ಆ ದಿನಗಳನ್ನು. ಅಲ್ಲದೆ ಡಿಮಿನಾಜಿನ್ ಪ್ರಮಾಣ ಸ್ವಲ್ಪ ಮೀರಿದರೂ ಮೆದುಳಿಗೆ ಹೊಡೆತ ಬೀಳುವ ಮದ್ದು. ಸುಮ್ಮನೆ ಚುಚ್ಚಿ ನೋಡೋಣ ಎನ್ನುವಂಥದ್ದಲ್ಲ.

ಕಚ್ಚಾಟದ ಗಾಯದ ಬಗ್ಗೆ ಡಾಕ್ಟರು ಕೆದಕಿ ಕೇಳಿದರು. ಗಿಬ್ಸೋನಿ ಉಣ್ಣೆಯಿಂದ ಮಾತ್ರವಲ್ಲ, ನಾಯಿ ನಾಯಿಯನ್ನು ಕಚ್ಚಿದಾಗ ರಕ್ತಕ್ಕೆ ರಕ್ತ ತಾಗಿಯೂ ದಾಟುತ್ತದೆ. ಈ ಜೀವಿಯನ್ನು ಮೊದಲು ಗುರುತಿಸಿದ್ದೂ ನಮ್ಮ ದೇಶದಲ್ಲೇ. 1910ರಲ್ಲಿ ಪ್ಯಾಟನ್ ಎಂಬವರು ಮದ್ರಾಸಿನಲ್ಲಿ ಬಿಳಿಯರ ಬೇಟೆನಾಯಿಗಳ ರಕ್ತದಲ್ಲಿ ಕಂಡು, ಆಮೇಲೆ ನರಿಯ ರಕ್ತದಲ್ಲೂ ಕಂಡರು. ಐರೋಲಿ ಖಾರಿಯ ಕಾಂಡ್ಲಾ ಕಾಡಿನಲ್ಲಿ ಇವತ್ತಿಗೂ ನರಿಗಳಿವೆ. ಮುಲುಂಡ್ ಪೂರ್ವದ ನಾಯಿಗಳು ಅತ್ತ ಅಡ್ಡಾಡುವುದನ್ನು ನೋಡಿದಾಗೆಲ್ಲ ನನಗೆ ಆ ಮದ್ರಾಸಿನ ನರಿ ನೆನಪಾಗುತ್ತದೆ.

ಬೀದಿನಾಯಿಗೆ ದಿನಕ್ಕೆ ಮೂರು ಸಲ ಮದ್ದು ಕುಡಿಸುವುದು ಹೇಗೆ? ಅಟೊವಾಕ್ವೋನ್ ಕೊಬ್ಬಿನ ಜೊತೆ ಹೊಟ್ಟೆಗೆ ಹೋದರೆ ಮಾತ್ರ ಮೈಗೆ ಹತ್ತುತ್ತದೆ. ಇದನ್ನು ಡಾಕ್ಟರು ಚೀಟಿಯಲ್ಲಿ ಬರೆದು ಸುಮ್ಮನಾಗಲಿಲ್ಲ. ಯಾರು ಯಾವ ಹೊತ್ತಿಗೆ ಕೊಡುತ್ತೀರಿ ಎಂದು ನಮ್ಮ ಮೂವರನ್ನೂ ಕೂರಿಸಿ ಹಂಚಿದರು. ಬೆಳಿಗ್ಗೆ ವಾಚ್‌ಮನ್, ಮಧ್ಯಾಹ್ನ ನಾನು, ರಾತ್ರಿ ಮೂರನೆಯ ಮಹಡಿಯ ಹುಡುಗಿ. ಕೊಬ್ಬು ಇರುವ ಮಟನ್ ಖೀಮಾದ ಉಂಡೆಯೊಳಗೆ ಮದ್ದು. ತಿಂದ ಮೇಲೆ ಉಗುಳಿದಳೇ ಎಂದು ನಿಂತು ನೋಡಬೇಕು. ಮದ್ದು ದುಬಾರಿ, ಎಲ್ಲ ಮೆಡಿಕಲ್‌ನಲ್ಲೂ ಸಿಗುವುದಿಲ್ಲ; ಸೊಸೈಟಿಯವರು ಸೇರಿ ಕೊಟ್ಟರು. ನಾಯಿ ಓಡಿಸಿ ಎನ್ನುತ್ತಿದ್ದ ಒಬ್ಬರೂ ಕೊಟ್ಟರು, ಅವರ ಒಳ್ಳೆಯತನ.

ತಾಂಬಡಿ ಈಗ ಗೇಟಿನಲ್ಲಿದ್ದಾಳೆ, ಸ್ಕೂಟರ್‌ಗಳ ಹಿಂದೆ ಓಡುತ್ತಾಳೆ. ಆದರೆ ಗುಣವಾದಳು ಎಂದು ಡಾಕ್ಟರು ಒಮ್ಮೆಯೂ ಹೇಳಲಿಲ್ಲ. ಗಿಬ್ಸೋನಿ ಹೊಕ್ಕ ನಾಯಿ ಎಷ್ಟೋ ಸಲ ಮೈಯೊಳಗೆ ಸ್ವಲ್ಪ ಉಳಿಸಿಕೊಂಡೇ ಬದುಕುತ್ತದೆ. ದೇಹ ಸೋತಾಗ ಮತ್ತೆ ತಲೆ ಎತ್ತಬಹುದು. ಮದ್ದು ಮುಗಿದು ಎರಡು ತಿಂಗಳ ನಂತರ ರೋಗಾಣುವಿನ ಡಿಎನ್‌ಎ ಹುಡುಕುವ ಪಿಸಿಆರ್ ಪರೀಕ್ಷೆಗೆ ರಕ್ತ ಕಳಿಸಿದರು, ಆಮೇಲೆ ಇನ್ನೊಮ್ಮೆ. ಎರಡರಲ್ಲೂ ಸಿಗಲಿಲ್ಲ. ಹಾಗಿದ್ದರೂ ಅವಳ ರಕ್ತವನ್ನು ಇನ್ನೊಂದು ನಾಯಿಗೆ ಯಾವತ್ತೂ ಕೊಡಬಾರದು ಎಂದು ಕಾರ್ಡಿನ ಮೇಲೆ ಕೆಂಪು ಶಾಯಿಯಲ್ಲಿ ಬರೆದಿದ್ದಾರೆ. ಗೊತ್ತಿರುವಷ್ಟನ್ನೇ ಹೇಳುವ ಈ ಶಿಸ್ತು ನನಗೆ ತುಂಬ ಇಷ್ಟ.

ನಮ್ಮ ಮನೆಯ ನಾಯಿ ಪಾಪು ಐದನೆಯ ಮಹಡಿಯಲ್ಲಿ ಫ್ಯಾನಿನ ಕೆಳಗೆ ಮಲಗುವವನು. ದಿನಕ್ಕೆರಡು ಸಲ ಕೆಳಗೆ ಹೋಗಿಬರುತ್ತಾನೆ, ಅಷ್ಟೇ. ಅವನಿಗೆ ಒಂದು ದಿನ ಮೂಗಿನಿಂದ ರಕ್ತ ಬಂತು, ಹೊಟ್ಟೆಯ ಚರ್ಮದ ಮೇಲೆ ಕೆಂಪು ಚುಕ್ಕೆಗಳೆದ್ದವು. ಇವರ ಬಳಿ ಓಡಿದೆವು. ಯಂತ್ರ ಪ್ಲೇಟ್‌ಲೆಟ್ 28 ಸಾವಿರ ಎಂದಿತು. ನಾಯಿಗೆ ಸುಮಾರು ಎರಡು ಲಕ್ಷದಿಂದ ಐದು ಲಕ್ಷ ಇರಬೇಕು. ಪ್ಲೇಟ್‌ಲೆಟ್‌ಗಳು ಗುಂಪುಗಟ್ಟಿದ್ದರೆ ಯಂತ್ರಕ್ಕೆ ಎಣಿಸಲು ಬರುವುದಿಲ್ಲ, ಸುಳ್ಳು ಲೆಕ್ಕ ಕೊಡುತ್ತದೆ. ಆದ್ದರಿಂದ ಡಾಕ್ಟರು ಸ್ಲೈಡಿನ ಕೊನೆಯಂಚಿನಲ್ಲಿ ಗುಂಪುಗಳಿವೆಯೇ ಎಂದು ಮೊದಲು ಹುಡುಕಿ, ಆಮೇಲೆ ಒಂದೊಂದು ನೋಟಕ್ಕೆ ಎಷ್ಟು ಎಂದು ಕೈಯಲ್ಲಿ ಎಣಿಸಿದರು. ಒಂದು ನೋಟಕ್ಕೆ ಒಂದು ಸಿಕ್ಕರೆ ಸುಮಾರು 15 ಸಾವಿರ ಎಂದು ಲೆಕ್ಕ. ಯಂತ್ರ ಹೇಳಿದ್ದು ನಿಜವೇ ಆಗಿತ್ತು. ದೊಡ್ಡ ಲ್ಯಾಬುಗಳಲ್ಲೂ ಎಲ್ಲರೂ ಹೀಗೆ ಎಣಿಸುವ ಗೋಜಿಗೆ ಹೋಗುವುದಿಲ್ಲ.

ಪಾಪುವಿನ ಸ್ಲೈಡಿನಲ್ಲಿ ರೋಗಾಣು ಸಿಗಲಿಲ್ಲ. ಸಿಗಲಿಲ್ಲ ಎಂದರೆ ಇಲ್ಲ ಎಂದಲ್ಲ ಎಂದು ಡಾಕ್ಟರು ಹೇಳಿದಾಗ ನನಗೆ ನನ್ನ ಹಳೆಯ ಮೇಲಧಿಕಾರಿಗಳ ಮಾತು ಕೇಳಿದಂತಾಯಿತು. ಅವರ ಅನುಮಾನ ಎರ್ಲಿಕಿಯಾ ಮೇಲೆ. ಅದು ಬೆಬೀಸಿಯಾದಂತೆ ಪರೋಪಜೀವಿಯಲ್ಲ, ಬ್ಯಾಕ್ಟೀರಿಯಾ. ಸೇರುವುದು ಕೆಂಪು ಕಣಕ್ಕಲ್ಲ, ಬಿಳಿಯ ಕಣಕ್ಕೆ. ಒಳಗೆ ಹಿಪ್ಪುನೇರಳೆ ಹಣ್ಣಿನಂತೆ ಗೊಂಚಲಾಗಿ ಕೂರುತ್ತದೆ, ಆದರೆ ಸ್ಲೈಡಿನಲ್ಲಿ ಕಣ್ಣಿಗೆ ಬೀಳುವುದು ಅಪರೂಪ. ಹಾಗಾಗಿ ರೋಗಾಣುವಿನ ವಿರುದ್ಧ ದೇಹ ಮಾಡಿಕೊಳ್ಳುವ ಪ್ರತಿಕಾಯವನ್ನು ತೋರಿಸುವ ಕಿಟ್ ಹಾಕಿದರು, ಚುಕ್ಕೆ ಮೂಡಿತು. ಜ್ವರ ಹೋದ ಎಷ್ಟೋ ತಿಂಗಳ ಮೇಲೂ ಈ ಚುಕ್ಕೆ ಮೂಡುತ್ತದೆ, ಆದ್ದರಿಂದ ಚುಕ್ಕೆಯೊಂದನ್ನೇ ನಂಬಿ ಮದ್ದು ಕೊಡುವುದಿಲ್ಲ. ಚುಕ್ಕೆ, ಪ್ಲೇಟ್‌ಲೆಟ್, ಮೂಗಿನ ರಕ್ತ ಮೂರನ್ನೂ ಕೂಡಿಸಿ ನೋಡಿದರು. ಇನ್ನೊಂದು ಮಾತು ಇಲ್ಲೇ ಹೇಳಿಬಿಡುತ್ತೇನೆ: ಕ್ಲಿನಿಕ್ಕುಗಳಲ್ಲಿ ಹೆಚ್ಚಾಗಿ ಬಳಸುವ ನಾಲ್ಕು ಚುಕ್ಕೆಗಳ ಕಿಟ್ ಎರ್ಲಿಕಿಯಾ, ಅನಾಪ್ಲಾಸ್ಮಾ, ಲೈಮ್ ರೋಗ, ಹೃದಯದ ಹುಳುವನ್ನು ನೋಡುತ್ತದೆ. ಬೆಬೀಸಿಯಾವನ್ನು ನೋಡುವುದೇ ಇಲ್ಲ. "ಕಿಟ್ ನೆಗೆಟಿವ್, ಟಿಕ್ ಫೀವರ್ ಇಲ್ಲ" ಎಂದು ಯಾರಾದರೂ ಹೇಳಿದರೆ ದಯವಿಟ್ಟು ಸ್ಲೈಡ್ ಕೇಳಿ.

ಡಾಕ್ಸಿಸೈಕ್ಲಿನ್ 28 ದಿನ. ಮೂರನೆಯ ದಿನಕ್ಕೇ ಪಾಪು ಸೋಫಾ ಹತ್ತಿದ. ಇಲ್ಲಿಗೇ ಬಹಳ ಜನ ಮಾತ್ರೆ ನಿಲ್ಲಿಸುತ್ತಾರೆ. ಹಾಗೆ ಮಾಡಿದರೆ ಎರ್ಲಿಕಿಯಾ ಗುಲ್ಮದಲ್ಲಿ, ಮೂಳೆಯ ಮಜ್ಜೆಯಲ್ಲಿ ಅಡಗಿ, ತಿಂಗಳುಗಳೋ ವರ್ಷಗಳೋ ಕಳೆದು ಮಜ್ಜೆಯನ್ನೇ ಬತ್ತಿಸಬಹುದು. ಆಗ ಮದ್ದಿಗೆ ಬಗ್ಗುವುದು ಕಷ್ಟ. ವಿಯೆಟ್ನಾಂ ಯುದ್ಧದಲ್ಲಿ ಅಮೆರಿಕದ ಸೈನ್ಯದ ನೂರಾರು ನಾಯಿಗಳು ಸತ್ತದ್ದು ಈ ರೋಗದಿಂದಲೇ, ಅದರಲ್ಲೂ ಜರ್ಮನ್ ಶೆಫರ್ಡ್‌ಗಳು. ಮಾತ್ರೆಯನ್ನು ಬರಿಹೊಟ್ಟೆಗೆ ಕೊಡಬಾರದು, ಹಾಲಿನ ಜೊತೆಯೂ ಬೇಡ. ನುಂಗಿದ ಮೇಲೆ ನೀರು ಕುಡಿಸಬೇಕು, ಇಲ್ಲವಾದರೆ ಅನ್ನನಾಳ ಸುಡುತ್ತದೆ. ಪರಂಗಿ ಎಲೆಯ ರಸ ಕೊಡಲೇ ಎಂದು ನಮ್ಮ ನಾದಿನಿ ಕೇಳಿದಳು. ಡಾಕ್ಟರು ಬೈಯಲಿಲ್ಲ, ನಗಲಿಲ್ಲ. ರೋಗಾಣುವನ್ನು ಕೊಲ್ಲುವುದು ಮಾತ್ರೆ, ರಸ ಅಲ್ಲ. ರಸ ಕುಡಿಸುವ ಗಲಾಟೆಯಲ್ಲಿ ಮಾತ್ರೆ ತಪ್ಪಬಾರದು ಎಂದಷ್ಟೇ ಹೇಳಿದರು.

ಐದನೆಯ ಮಹಡಿಯ ನಾಯಿಗೆ ಉಣ್ಣೆ ಎಲ್ಲಿಂದ? ಉತ್ತರ ಕನ್ನಡದವರಿಗೆ ಉಣ್ಣೆ ಎಂದರೆ ಕಾಡು, ಮಂಗನ ಕಾಯಿಲೆ. ನಾಯಿಯ ಕಂದು ಉಣ್ಣೆ ಹಾಗಲ್ಲ, ಅದು ಮನೆವಾಸಿ. ರಕ್ತ ಹೀರಿ ಉದುರಿ, ಗೋಡೆಯ ಬಿರುಕು, ಬಾಗಿಲ ಚೌಕಟ್ಟು, ಮಂಚದ ಸಂದು ಸೇರುತ್ತದೆ. ಅಲ್ಲೇ ಪೊರೆ ಕಳಚಿ ಮತ್ತೆ ನಾಯಿ ಹುಡುಕುತ್ತದೆ. ಹೆಣ್ಣು ಅಲ್ಲೇ ಸಾವಿರಾರು ಮೊಟ್ಟೆ ಇಡುತ್ತದೆ. ನಾಯಿಯ ಮೈಮೇಲೆ ಕಾಣುವುದು ಸ್ವಲ್ಪ, ಗೋಡೆಯಲ್ಲಿ ಇರುವುದು ಬಹಳ. ಡಾಕ್ಟರು ಹೇಳಿದ ಮೇಲೆ ವಾಚ್‌ಮನ್ ಕ್ಯಾಬಿನ್ನಿನ ಹಿಂಗೋಡೆಗೆ ಟಾರ್ಚ್ ಹಿಡಿದು ನೋಡಿದೆವು. ಪ್ಲಾಸ್ಟರ್ ಬಿಟ್ಟ ಜಾಗದಲ್ಲಿ, ಮೀಟರ್ ಬಾಕ್ಸಿನ ಮರದ ಹಲಗೆಯ ಹಿಂದೆ ಸಾಸಿವೆಯಷ್ಟು ದೊಡ್ಡವು, ಕಡಲೆಕಾಳಿನಷ್ಟು ಊದಿದವು, ಎಲ್ಲ ಸಾಲಾಗಿ ಮೇಲೇರುತ್ತಿದ್ದವು. ಪಾಪು ದಿನಾ ಮೂಸುವ ಮೂಲೆ ಅದೇ. ಸಿಮೆಂಟಿನಿಂದ ಬಿರುಕು ಮುಚ್ಚಿಸಿದೆವು, ಔಷಧ ಹೊಡೆಸಿದೆವು, ಕೆಲವು ವಾರ ಬಿಟ್ಟು ಇನ್ನೊಮ್ಮೆ ಹೊಡೆಸಿದೆವು. ಮೊದಲ ಸಲಕ್ಕೆ ಮೊಟ್ಟೆ ಸಾಯುವುದಿಲ್ಲ.

ಉಣ್ಣೆಯ ಮಾತ್ರೆಗಳ ಬಗ್ಗೆ ಇವರ ಸಲಹೆ ನನಗೆ ಹಿಡಿಸಿತು, ಏಕೆಂದರೆ ಅದರಲ್ಲಿ ಮಾರಾಟದ ವಾಸನೆ ಇರಲಿಲ್ಲ. ಬೀದಿನಾಯಿಗಳಿಗೆ ಅವರು ಹೇಳುವುದು ಫ್ಲುರಲೇನರ್, ಅಂದರೆ ಬ್ರಾವೆಕ್ಟೊ. ಒಂದು ತುಂಡು ತಿಂದರೆ ಸುಮಾರು 12 ವಾರ ಇರುತ್ತದೆ, ತಿಂಗಳು ತಿಂಗಳು ನಾಯಿಯನ್ನು ಹುಡುಕಿ ಹಿಡಿಯುವ ಪಾಡಿಲ್ಲ. ಮನೆನಾಯಿಗೆ ತಿಂಗಳಿಗೊಮ್ಮೆಯ ನೆಕ್ಸ್‌ಗಾರ್ಡ್, ಸಿಂಪಾರಿಕಾ ಸಾಕು. ಆದರೆ ಈ ಜಾತಿಯ ಮಾತ್ರೆಗಳೆಲ್ಲ ಉಣ್ಣೆಯನ್ನು ಕೊಲ್ಲುವುದು ಅದು ಕಚ್ಚಿದ ಮೇಲೆ. ಬೆಬೀಸಿಯಾ ದಾಟಲು ಒಂದೆರಡು ದಿನ ಬೇಕು, ಅಷ್ಟರಲ್ಲಿ ಉಣ್ಣೆ ಸಾಯುತ್ತದೆ. ಎರ್ಲಿಕಿಯಾ ಕೆಲವೇ ಗಂಟೆಗಳಲ್ಲಿ ದಾಟಬಲ್ಲದು. ಆದ್ದರಿಂದ ಉಣ್ಣೆಯನ್ನು ಹತ್ತಿರವೇ ಬಿಡದ ಕಾಲರ್ ಕೂಡ ಹಾಕಿ ಎನ್ನುತ್ತಾರೆ. ಪರ್ಮೆತ್ರಿನ್ ಇರುವ ಹನಿಗಳನ್ನು ಬೆಕ್ಕಿರುವ ಮನೆಗೆ ಕೊಡುವುದೇ ಇಲ್ಲ, ಬೆಕ್ಕಿಗೆ ಅದು ವಿಷ. ನಾಯಿಗೆ ಎಂದಾದರೂ ಫಿಟ್ಸ್ ಬಂದಿತ್ತೇ ಎಂದು ಮಾತ್ರೆಗೆ ಮುಂಚೆ ಕೇಳುತ್ತಾರೆ. ಈ ಮಾತ್ರೆಗಳಿಂದ ಕೆಲವು ನಾಯಿಗಳಿಗೆ ನಡುಕ, ಫಿಟ್ಸ್ ಬರಬಹುದೆಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2018ರಲ್ಲಿ ಎಚ್ಚರಿಸಿದೆ. ಬೇರೆ ಕಡೆ ಈ ಪ್ರಶ್ನೆ ನನಗೆ ಯಾರೂ ಕೇಳಿಲ್ಲ. ಮೈಮೇಲಿನ ಉಣ್ಣೆಗೆ ಸೀಮೆಎಣ್ಣೆ ಬೇಡ, ಬೆಂಕಿಕಡ್ಡಿ ಬೇಡ. ಚಿಮಟದಲ್ಲಿ ಚರ್ಮದ ಹತ್ತಿರ ಹಿಡಿದು ನೇರ ಎಳೆದು ಸ್ಪಿರಿಟ್ಟಿಗೆ ಹಾಕಿ. ಉಣ್ಣೆಯನ್ನು ಕಚ್ಚಿ ನುಂಗುವ ಅಭ್ಯಾಸದ ನಾಯಿಗಳಿಗೆ ಇನ್ನೊಂದು ಅಪಾಯವಿದೆ. ಹೆಪಟೊಜೂನ್ ಎಂಬ ಪರೋಪಜೀವಿ ಕಡಿತದಿಂದಲ್ಲ, ಉಣ್ಣೆ ಹೊಟ್ಟೆಗೆ ಹೋಗಿಯೇ ಬರುತ್ತದೆ.

ಸೊಸೈಟಿಯ ಮೀಟಿಂಗಿನಲ್ಲಿ "ಈ ಬೀದಿನಾಯಿಗಳಿಂದ ಮಕ್ಕಳಿಗೆ ಟಿಕ್ ಫೀವರ್ ಬರುತ್ತದೆ" ಎಂದು ಮಾತು ಎದ್ದಾಗ ಡಾಕ್ಟರು ಸಂಜೆಯ ಕ್ಲಿನಿಕ್ ಮುಗಿಸಿ ಬಂದು, ಹಣ ತೆಗೆದುಕೊಳ್ಳದೆ, ಅರ್ಧ ಗಂಟೆ ಮಾತಾಡಿದರು. ನಾಯಿಯನ್ನು ಮುಟ್ಟಿದರೆ, ನಾಯಿ ನೆಕ್ಕಿದರೆ ಈ ಜ್ವರ ಬರುವುದಿಲ್ಲ. ಹರಡುವುದು ಉಣ್ಣೆ, ಉಣ್ಣೆ ಇರುವುದು ನಿಮ್ಮ ಗೋಡೆಯಲ್ಲಿ. ಇರುವ ನಾಯಿಗಳನ್ನು ಓಡಿಸಿದರೆ ಹೊಸ ನಾಯಿಗಳು ಬರುತ್ತವೆ, ಅವುಗಳಿಗೆ ಮದ್ದೂ ಆಗಿರುವುದಿಲ್ಲ, ರೇಬೀಸ್ ಲಸಿಕೆಯೂ ಆಗಿರುವುದಿಲ್ಲ ಎಂದರು. ಮೇಲೆ ಹೇಳಿದ ಸಿಮೆಂಟಿನ ಖರ್ಚು ಅಂದೇ ಮಂಜೂರಾಯಿತು.

ಕೊರತೆಗಳನ್ನೂ ಹೇಳಬೇಕು. ಒಂದೇ ಕೋಣೆಯಾದ್ದರಿಂದ ಬೆಕ್ಕು ನಾಯಿ ಎಲ್ಲ ಒಟ್ಟಿಗೆ ಕಾಯಬೇಕು, ಹೆದರುವ ಬೆಕ್ಕಿಗೆ ಇದು ಹಿಂಸೆ. ಮೂರು ಮೆಟ್ಟಿಲು ಕಡಿದಾಗಿವೆ, ದೊಡ್ಡ ನಾಯಿಯನ್ನು ಹೊತ್ತು ಹತ್ತಿಸಲು ಇಬ್ಬರು ಬೇಕು. ರಾತ್ರಿ ಸೇವೆ ಇಲ್ಲ. ರಿಪೋರ್ಟ್ ಕೈಬರಹ, ವಿಮೆಯವರಿಗೆ ಬೇಕೆಂದರೆ ಟೈಪ್ ಮಾಡಿಸಲು ಮತ್ತೆ ಹೋಗಬೇಕು. ಜುಲೈ ತಿಂಗಳ ತೇವದಲ್ಲಿ ಅವರ ಬಣ್ಣ ಒಡೆದು ಸ್ಲೈಡಿನ ಮೇಲೆ ಚುಕ್ಕೆ ಬೀಳುತ್ತಿತ್ತು, ಆ ಚುಕ್ಕೆಗಳು ನೋಡುವವರನ್ನು ಏಮಾರಿಸುತ್ತವೆ. ಸೋಸಿ ಬಳಸಿ ಎಂದೆ. ಮರುವಾರ ಹೋದಾಗ ಫಿಲ್ಟರ್ ಕಾಗದ ಬಂದಿತ್ತು. ಇನ್ನು ರಕ್ತ ಏರಿಸುವ ವ್ಯವಸ್ಥೆ ಅಲ್ಲಿಲ್ಲ. ಕೆಂಪು ಕಣ ತೀರ ಇಳಿದ ನಾಯಿಯನ್ನು ತಡಮಾಡದೆ ದೊಡ್ಡ ಆಸ್ಪತ್ರೆಗೆ ಕಳಿಸುತ್ತಾರೆ, ಹೆಚ್ಚಾಗಿ ಪರೇಲ್ ಕಡೆಗೆ. 1886ರಿಂದ ಇರುವ ಬಾಂಬೆ ವೆಟರ್ನರಿ ಕಾಲೇಜೂ ಅಲ್ಲೇ. ಮುಲುಂಡ್‌ನಿಂದ ಆ ಟ್ರಾಫಿಕ್ಕಿನಲ್ಲಿ ಪರೇಲ್ ಮುಟ್ಟುವುದು ಜೀವ ಕೈಯಲ್ಲಿ ಹಿಡಿದ ಪ್ರಯಾಣ. ಈ ಭಾಗದಲ್ಲಿ ನಾಯಿಗಳಿಗೆ ರಕ್ತ ಏರಿಸುವ ಒಂದು ಜಾಗ ಬೇಕೇಬೇಕು.

ಖರ್ಚು: ನೋಡುವ ಫೀ 400, ಸ್ಲೈಡಿಗೆ 250, ಕಣಗಳ ಎಣಿಕೆಗೆ 500. ಬೀದಿನಾಯಿಯಾದರೆ ಫೀ ಇಲ್ಲ, ಉಳಿದದ್ದು ಅರ್ಧ. ಕಿಟ್ ಮತ್ತು ಪಿಸಿಆರ್ ದುಬಾರಿ, ಅವನ್ನು ಬೇಕಾದರೆ ಮಾತ್ರ ಬರೆಯುತ್ತಾರೆ, ಏಕೆ ಬೇಕು ಎಂದು ಹೇಳಿಯೇ ಬರೆಯುತ್ತಾರೆ. ಸ್ಲೈಡಿನ 250 ರೂಪಾಯಿ ಕೊಡಲು ಹಿಂದೆಮುಂದೆ ನೋಡಿ, ಸಾವಿರಾರು ರೂಪಾಯಿಯ ಡ್ರಿಪ್ಪಿಗೆ ತಲೆಯಾಡಿಸುವವರನ್ನು ಕಂಡರೆ ನನಗೆ ಸಂಕಟವಾಗುತ್ತದೆ.

ಹೋಗುವವರು ಬೆಳಿಗ್ಗೆ 10ಕ್ಕೆ ಮುಂಚೆ ಹೋಗಿ, ಸ್ಲೈಡಿಗೆ ಬಣ್ಣ ಹಿಡಿಯಲು ಸಮಯ ಬೇಕು. ಮೊದಲು ಬೇರೆ ಎಲ್ಲಾದರೂ ತೋರಿಸಿದ್ದರೆ ಕೊಟ್ಟ ಇಂಜೆಕ್ಷನ್ನಿನ ಹೆಸರು ಬರೆದುಕೊಂಡು ಹೋಗಿ. ಮದ್ದು ಬಿದ್ದ ಮೇಲೆ ಸ್ಲೈಡಿನಲ್ಲಿ ರೋಗಾಣು ಸಿಗುವುದು ಕಡಿಮೆಯಾಗುತ್ತದೆ, ಅದನ್ನು ಅವರು ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಉಚ್ಚೆಯ ಬಣ್ಣ ಬದಲಾಗಿದ್ದರೆ ಫೋಟೋ ತೆಗೆದಿಡಿ, ಆಗದಿದ್ದರೆ ಬಿಳಿ ಹತ್ತಿಯಲ್ಲಿ ಒತ್ತಿಕೊಂಡು ತನ್ನಿ. ವಸಡು ಬಿಳಿಚಿದ್ದರೆ ಬಾಗಿಲಲ್ಲೇ ಆ ಇಂಡಿ ಕಡೆಯ ಹುಡುಗನಿಗೆ ಹೇಳಿ, ಸರದಿ ಬಿಟ್ಟು ಒಳಗೆ ಕರೆಯುತ್ತಾನೆ.